ಹಳೆಯ ಸುಮೋ ಮತ್ತು ಡೀಸೆಲ್ ಉಳಿತಾಯ
(ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಟಾಟಾ ಸುಮೋ 1994ರಲ್ಲಿ ಬಂತು, 2019ರಲ್ಲಿ ತಯಾರಿಕೆ ನಿಂತಿತು. ನಮ್ಮ ಹಳ್ಳಿಗಳಲ್ಲಿ ಇನ್ನೂ ಓಡುತ್ತಿದೆ. ಮದುವೆಗೂ ಅದೇ, ಹಿಂಡಿ ಮೂಟೆಗೂ ಅದೇ. ಲೀಟರಿಗೆ 10 ಕಿ.ಮೀ. ಕೊಡುವ ಗಾಡಿ 12 ಕೊಟ್ಟರೆ, 300 ಕಿ.ಮೀ.ಗೆ 30ರ ಬದಲು 25 ಲೀಟರ್ ಸಾಕು. ಆ 5 ಲೀಟರ್ ಡೀಸೆಲ್‌ಗೆ ಎಷ್ಟು ಹಾಲು ಹಾಕಬೇಕು, ಪಾಸ್ ಪುಸ್ತಕ ನೋಡಿಕೊಳ್ಳಿ.

ಹೆದ್ದಾರಿಯಲ್ಲಿ ಡೀಸೆಲ್ ಕುಡಿಯುವುದು ಮುಖ್ಯವಾಗಿ ವೇಗ. ಸುಮೋ ಗಾಳಿಗೆ ಗೋಡೆಯಂತೆ ಎದುರು ನಿಲ್ಲುವ ಗಾಡಿ. ವೇಗವನ್ನು 60ರಿಂದ 90ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಆದ್ದರಿಂದ ಟಾಪ್ ಗೇರಿನಲ್ಲಿ 60-65ರ ಆಸುಪಾಸಿನಲ್ಲಿ ಒಂದೇ ಸಮನೆ ಹೋಗಿ. ಮೇಲಿನ ಖಾಲಿ ಕ್ಯಾರಿಯರ್ ಬಿಚ್ಚಿಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ, ಎಡಕ್ಕೆ ಸರಿದು ದಾರಿ ಬಿಡಿ.

ಟೈರ್ ಗಾಳಿ, ಏರ್ ಫಿಲ್ಟರ್ ನಿಮಗೆ ಗೊತ್ತಿದ್ದದ್ದೇ. ಗಾಡಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಬ್ರೇಕ್ ಹಿಡಿದಿರಬಹುದು, ತೋರಿಸಿ.

ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವವರಿದ್ದಾರೆ. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ನೆರವೂ ನಿಲ್ಲುತ್ತದೆ, ಪೆಡಲ್ ಕಲ್ಲಾಗುತ್ತದೆ. ಗಾಡಿ ತುಂಬ ಮನೆಮಂದಿ ಇರುತ್ತಾರೆ; ಆ ಉಳಿತಾಯ ಬೇಡ. ಗೇರಿನಲ್ಲೇ ಇಳಿಸಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ತಾನಾಗಿ ಕಡಿಮೆಯಾಗುತ್ತದೆ.

ಮೈಲೇಜನ್ನು ಅಂದಾಜಿನಲ್ಲಿ ಹೇಳಬೇಡಿ. ಟ್ಯಾಂಕ್ ತುಂಬಿಸಿ ಮೀಟರ್ ಬರೆದಿಡಿ, ಮುಂದಿನ ಸಲ ಅದೇ ಬಂಕಿನಲ್ಲಿ ತುಂಬಿಸಿ ಭಾಗಿಸಿ ನೋಡಿ.