ಸೂಜಿ ಎದ್ದಿತೇ?
(ಮಹಿಳಾ ಕಲಿಕಾ ಕೇಂದ್ರದಲ್ಲಿ ಲಾರಿ ಮೆಕ್ಯಾನಿಕ್ ಅಕ್ಕ ಆಡಿದ ಮಾತು)



ನಾನು ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುವವಳು. ಹೆಂಗಸಿಗೆ ಇಂಜಿನ್ ಕೆಲಸ ಬರುತ್ತಾ ಅಂತ ಕೇಳಬಹುದು. ಕಲಿತರೆ ಬರುತ್ತೆ. ಇವತ್ತು ಆಯಿಲ್ ಪಂಪಿನ ಮಾತು ಹೇಳುತ್ತೇನೆ.

ನಮ್ಮ ಮೈಯಲ್ಲಿ ಹೃದಯ ರಕ್ತವನ್ನು ತಳ್ಳುತ್ತದೆ. ಇಂಜಿನ್ನಿನಲ್ಲಿ ಈ ಪಂಪು ಎಣ್ಣೆಯನ್ನು ತಳ್ಳುತ್ತದೆ. ಇಂಜಿನ್ನಿನ ಅಡಿಯಲ್ಲಿ ಎಣ್ಣೆಯ ತೊಟ್ಟಿ ಇದೆ. ಅದಕ್ಕೆ ಚೇಂಬರ್ ಅನ್ನುತ್ತೇವೆ. ಪಂಪಿನೊಳಗೆ ಎರಡು ಹಲ್ಲುಚಕ್ರ ಇವೆ. ಅವು ತಿರುಗಿದಾಗ ಎಣ್ಣೆ ಜಾಲರಿ ದಾಟಿ ಮೇಲೆ ಬರುತ್ತದೆ. ಫಿಲ್ಟರಿನಲ್ಲಿ ಸೋಸಿ ಬೇರಿಂಗುಗಳಿಗೆ ಹೋಗುತ್ತದೆ. ಲಾರಿ ಓಡುವಾಗ ಕ್ರ್ಯಾಂಕು ನಿಮಿಷಕ್ಕೆ 2000 ಸುತ್ತು ತಿರುಗಬಹುದು. ನಡುವೆ ಎಣ್ಣೆಯ ಪದರ ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಬೇರಿಂಗು ಸುಟ್ಟು ಇಂಜಿನ್ ಹಿಡಿದುಕೊಳ್ಳುತ್ತದೆ.

ಹೊಸದರಲ್ಲಿ ನಾನು ಒಂದು ತಪ್ಪು ಮಾಡಿದೆ. ಒಬ್ಬ ಅಣ್ಣ ಸಾಲ ಮಾಡಿ ತನ್ನ ಲಾರಿಯ ಇಂಜಿನ್ ಬಿಚ್ಚಿಸಿ ಹೊಸದು ಮಾಡಿಸಿದ್ದ. ಪಂಪು ಕೂರಿಸುವ ಕೆಲಸ ನನಗೆ ಬಂತು. ಒಣ ಪಂಪನ್ನೇ ಕೂರಿಸಿದೆ. ಇಂಜಿನ್ ಶುರುವಾಯಿತು. ಗೇಜಿನ ಸೂಜಿ ಏಳಲಿಲ್ಲ. ಗೇಜಿನ ಮುಂದೆ ನಾನೇ ನಿಂತಿದ್ದೆ. ಆದರೆ ನನಗೆ ಅಂಕಿ ಓದಲು ಬರುತ್ತಿರಲಿಲ್ಲ. ಟಕ ಟಕ ಸದ್ದು ಬಂದ ಮೇಲೆ ಮೇಸ್ತ್ರಿ ಓಡಿ ಬಂದು ನಿಲ್ಲಿಸಿದರು. ಹೊಸ ಬೇರಿಂಗು ಹೋಗಿತ್ತು. ಆ ಅಣ್ಣ ಬೈಯಲಿಲ್ಲ. ಲಾರಿ ಪಕ್ಕ ಸುಮ್ಮನೆ ಕೂತ. ಮಾರನೇ ವಾರ ನಾನು ರಾತ್ರಿ ಶಾಲೆಗೆ ಸೇರಿದೆ.

ಈಗ ಹೇಗೆ ಮಾಡುತ್ತೇನೆ, ಕೇಳಿ.

ಮೊದಲು ಪಂಪು, ಪೈಪು, ಜಾಲರಿ ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆಯುತ್ತೇನೆ. ಬಟ್ಟೆಯ ಒಂದು ಎಳೆಯೂ ಉಳಿಯಬಾರದು. ಚಕ್ರದ ಹಲ್ಲು ಸವೆದಿದ್ದರೆ ಆ ಪಂಪು ಬೇಡ.

ಆಮೇಲೆ ಪಂಪಿಗೆ ಹೊಸ ಎಣ್ಣೆ ಹುಯ್ದು, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ. ಬಾವಿಯ ಪಂಪ್‌ಸೆಟ್ಟು ಒಣಗಿದ್ದರೆ ಮೊದಲು ನೀರು ಹುಯ್ಯುತ್ತೇವಲ್ಲ, ಹಾಗೆಯೇ ಇದು.

ಹೊಸ ಪ್ಯಾಕಿಂಗ್ ಇಡುತ್ತೇನೆ. ಅಂಟು ಜಾಸ್ತಿ ಬಳಿಯಬಾರದು. ಅದು ಕಿತ್ತು ಬಂದು ಜಾಲರಿಗೆ ಕಟ್ಟಿಕೊಳ್ಳುತ್ತದೆ. ಪೈಪಿನ ಜೋಡಣೆಯಲ್ಲಿ ಸಂದು ಇರಬಾರದು. ಗಾಳಿ ನುಗ್ಗಿದರೆ ಎಣ್ಣೆ ಏರದು.

ಬೋಲ್ಟುಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ಬಿಗಿಯುತ್ತೇನೆ. ಎಷ್ಟು ಬಿಗಿಯಬೇಕು ಅಂತ ಆ ಇಂಜಿನ್ನಿನ ಪುಸ್ತಕದಲ್ಲಿ ಅಂಕಿ ಇದೆ. ಟಾರ್ಕ್ ಪಾನದ ಮೇಲೂ ಅಂಕಿ ಇದೆ. ಎರಡನ್ನೂ ಓದಿ ಹೊಂದಿಸುತ್ತೇನೆ.

ಚೇಂಬರ್ ಮುಚ್ಚಿ ಎಣ್ಣೆ ತುಂಬಿದ ಮೇಲೆ ಅವಸರ ಬೇಡ. ಡೀಸೆಲ್ ಬಂದ್ ಮಾಡಿ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯುತ್ತೇವೆ. ಇಂಜಿನ್ ಸುತ್ತುತ್ತದೆ, ಆದರೆ ಶುರುವಾಗುವುದಿಲ್ಲ. ಸೂಜಿ ಎದ್ದ ಮೇಲೆಯೇ ಡೀಸೆಲ್ ಬಿಡುತ್ತೇವೆ. ಸೂಜಿ ಏಳದಿದ್ದರೆ ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಬೇಕು.

ಹೋದ ವರ್ಷ ಅದೇ ಅಣ್ಣ ಮತ್ತೆ ಇಂಜಿನ್ ಬಿಚ್ಚಿಸಿದ. "ಪಂಪು ನೀನೇ ಕೂರಿಸಮ್ಮ" ಅಂದ. ಗೇಜಿನ ಮುಂದೆ ನಿಂತು ನಾನು ಅಂಕಿಯನ್ನು ಗಟ್ಟಿಯಾಗಿ ಓದಿದೆ. ಅವನು ನಕ್ಕ.

ಅಕ್ಷರ ಬರೀ ಸಹಿ ಹಾಕಲು ಅಲ್ಲ, ಅಕ್ಕಂದಿರೇ. ನಮ್ಮ ಕೈಕೆಲಸಕ್ಕೆ ಅದು ಕಣ್ಣು ಕೊಡುತ್ತದೆ.

ಓದಿ, ಉತ್ತರ ಹೇಳಿ:
1. ಪಂಪು ಕೂರಿಸುವ ಮೊದಲು ಅದಕ್ಕೆ ಎಣ್ಣೆ ಏಕೆ ಹುಯ್ಯಬೇಕು?
2. ನಿಮ್ಮ ಕೆಲಸದಲ್ಲಿ ಎಲ್ಲೆಲ್ಲಿ ಅಂಕಿ ಓದಬೇಕು?