ಆರು ಪುಟ್ಟ ವಿಮಾನಗಳ ಸಂಸಾರ
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನ್ನದು ವಿಮಾನದ ಕೆಲಸ ಎಂದರೆ ನಮ್ಮ ಸಂಘದಲ್ಲಿ ಅರ್ಧ ಜನ ಗಗನಸಖಿ ಎಂದುಕೊಂಡಿದ್ದಾರೆ, ಇನ್ನರ್ಧ ಜನ ಪೈಲಟ್ ಎಂದು. ಎರಡೂ ಅಲ್ಲ. ನಾನು ವಿಮಾನ ರಿಪೇರಿಯವಳು. ಪುಣೆಯಿಂದ ಕೆಲವು ಗಂಟೆಗಳ ದಾರಿಯಲ್ಲಿ ಒಂದು ಸಣ್ಣ ರನ್‌ವೇ ಇದೆ. ಅಲ್ಲಿನ ತರಬೇತಿ ಶಾಲೆಯ ಆರು ಪುಟ್ಟ ವಿಮಾನಗಳನ್ನು ಹಾರಲು ಯೋಗ್ಯವಾಗಿ ಇಟ್ಟುಕೊಳ್ಳುವ ಹೊಣೆ ನನ್ನದು. ನಾಲ್ಕು ಸೆಸ್ನಾ 152, ಎರಡು ಸೆಸ್ನಾ 172.

152 ಅಂದರೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರುವ ವಿಮಾನ. ನಾಲ್ಕು ಸಿಲಿಂಡರಿನ ಎಂಜಿನ್, ಸುಮಾರು 110 ಅಶ್ವಶಕ್ತಿ. ನಿಮ್ಮ ಮನೆಯ ಕಾರಿನದೂ ಹೆಚ್ಚುಕಡಿಮೆ ಅಷ್ಟೇ ಇದ್ದೀತು. ಇದರ ತಯಾರಿಕೆ 1985ರಲ್ಲೇ ನಿಂತುಹೋಯಿತು. ಹಾಗಾಗಿ ಇವುಗಳಲ್ಲಿ ಅತಿ ಕಿರಿಯದಕ್ಕೂ ಈಗ ನಲವತ್ತು. ಅಷ್ಟು ಹಳೆಯ ಕಾರಿನಲ್ಲಿ ಮಗಳನ್ನು ಒಬ್ಬಳೇ ಕಳಿಸುತ್ತೀರಾ? ನಾನಂತೂ ಕಳಿಸುವುದಿಲ್ಲ. ಆದರೆ ಈ ವಿಮಾನದಲ್ಲಿ ಕಳಿಸುತ್ತೇನೆ. ಯಾಕೆಂದರೆ ಇದರಲ್ಲಿ ಸವೆಯುವ ಪ್ರತಿಯೊಂದಕ್ಕೂ ಲೆಕ್ಕವಿದೆ. 50 ಗಂಟೆ ಹಾರಿದರೆ ಒಂದು ತಪಾಸಣೆ, 100 ಗಂಟೆಗೆ ದೊಡ್ಡ ತಪಾಸಣೆ. ಎಂಜಿನ್ 2400 ಗಂಟೆ ದುಡಿದರೆ ಪೂರ್ತಿ ಬಿಚ್ಚಿ ಓವರ್‌ಹಾಲ್. ವರ್ಷಕ್ಕೊಮ್ಮೆ ಇಡೀ ವಿಮಾನದ ಯೋಗ್ಯತೆಯ ಮರುಪರಿಶೀಲನೆ.

ಈ ಗಂಟೆಗಳನ್ನು ಹೊಂದಿಸುವುದೇ ನನ್ನ ಅರ್ಧ ಕೆಲಸ. ಮನೆಯಲ್ಲಿ ಎರಡು ಗ್ಯಾಸ್ ಸಿಲಿಂಡರ್ ಇಟ್ಟುಕೊಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎರಡೂ ಒಂದೇ ದಿನ ಖಾಲಿಯಾದರೆ ಎರಡಿದ್ದು ಏನು ಬಂತು? ಎಲ್ಲ ವಿಮಾನಗಳನ್ನೂ ಸಮನಾಗಿ ಹಾರಿಸಿದರೆ ಎಲ್ಲವೂ ಒಂದೇ ವಾರ ತಪಾಸಣೆಗೆ ಬಂದು ನಿಲ್ಲುತ್ತವೆ. ಅದಕ್ಕೇ ಬೇಕೆಂದೇ ಒಂದನ್ನು ಹೆಚ್ಚು, ಒಂದನ್ನು ಕಡಿಮೆ ಹಾರಿಸಬೇಕು. ಪೈಲಟ್‌ಗಳಿಗೆ ಇದು ಪಕ್ಷಪಾತದಂತೆ ಕಾಣುತ್ತದೆ. ಕಾಣಲಿ.

ನಮ್ಮಲ್ಲಿ ತುಂಬ ದಿನ ಹಾರುತ್ತಿದ್ದದ್ದು ಆರಲ್ಲ, ಐದು. ಅದರಲ್ಲಿ ಒಂದು ತಪಾಸಣೆಯಲ್ಲಿ ಇದ್ದೇ ಇರುತ್ತದೆ, ಉಳಿದದ್ದು ನಾಲ್ಕು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಕನಿಷ್ಠ 200 ಗಂಟೆಯ ಹಾರಾಟ ಬೇಕು. ವಿಮಾನ ಕಡಿಮೆಯಾದರೆ ಆ ಗಂಟೆಗಳು ಮುಗಿಯುವುದೇ ಇಲ್ಲ. ಬಡ್ಡಿ ಮಾತ್ರ ಬೆಳೆಯುತ್ತದೆ. ಒಂದು ದಿನ ಬಾಗಲಕೋಟೆ ಕಡೆಯ ಒಬ್ಬ ತಾಯಿ ನನ್ನ ನಂಬರ್ ಹುಡುಕಿ ಫೋನ್ ಮಾಡಿದರು. "ಅಕ್ಕಾರ, ನೀವು ಕನ್ನಡದವರಂತ ಮಗಳು ಹೇಳಿದ್ಳು. ಆಕೀದು ಯಾಕ ಇಷ್ಟ ತಡ ಆಗಾಕತ್ತೈತಿ? ಹೊಲದ ಮ್ಯಾಲ ಸಾಲ ತಗದೀವ್ರಿ."

ಆ ದಿನವೇ ನಾನು ಒಂದು ವಿಮಾನವನ್ನು ನಿಲ್ಲಿಸಿದ್ದೆ. ಕಾರಣ, ಸೀಟಿನ ಹಳಿ. ಸೀಟು ಹಿಂದೆ ಮುಂದೆ ಸರಿಯಲು ಕೆಳಗೆ ಹಳಿ ಇರುತ್ತದೆ, ಹಳಿಯಲ್ಲಿ ತೂತುಗಳು, ತೂತಿಗೆ ಸಿಕ್ಕಿಕೊಳ್ಳುವ ಒಂದು ಪಿನ್ನು. ವರ್ಷಗಟ್ಟಲೆ ಸವೆದು ತೂತು ಹಿಗ್ಗಿದರೆ ಪಿನ್ನು ಹಿಡಿಯುವುದಿಲ್ಲ. ವಿಮಾನ ಮೂತಿ ಎತ್ತಿ ಏರುವಾಗ ಸೀಟು ಹಿಂದಕ್ಕೆ ಜಾರುತ್ತದೆ. ಕೂತವರು ಗಾಬರಿಯಲ್ಲಿ ಕೈಯಲ್ಲಿದ್ದ ಕಂಟ್ರೋಲನ್ನೇ ಹಿಡಿದು ಎಳೆಯುತ್ತಾರೆ. ಮೂತಿ ಇನ್ನೂ ಮೇಲೇಳುತ್ತದೆ, ವೇಗ ಬೀಳುತ್ತದೆ. ಈ ಹಳಿಗಳನ್ನು ಪದೇ ಪದೇ ತಪಾಸಣೆ ಮಾಡಲೇಬೇಕೆಂದು ಅಮೆರಿಕದ ವಿಮಾನಯಾನ ಇಲಾಖೆ 1987ರಲ್ಲೇ ಆದೇಶ ಹೊರಡಿಸಿತ್ತು. ನೋಡಿದರೆ ಅಲ್ಪ ವಸ್ತು. ಆ ತಾಯಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಂದ್ರ ನಿಲ್ಲಿಸ್ರಿ. ಆದ್ರ ಇನ್ನೊಂದು ಇಮಾನ ಇಲ್ಲೇನ್ರಿ?" ಅಂದರು.

ಇತ್ತು. ಹ್ಯಾಂಗರಿನ ಮೂಲೆಯಲ್ಲಿ.

ಮೂರು ವರ್ಷದಿಂದ ನಿಂತಿದ್ದ 152 ಅದು. ನಾನು ಆ ಶಾಲೆಗೆ ಸೇರುವ ಮೊದಲೇ ಅದು ಬಿಡಿಭಾಗಗಳ ಉಗ್ರಾಣವಾಗಿತ್ತು. ಒಂದಕ್ಕೆ ಆಲ್ಟರ್ನೇಟರ್ ಬೇಕೆ, ಅದರಿಂದ ಬಿಚ್ಚು. ಬ್ರೇಕ್ ಬೇಕೆ, ಬಿಚ್ಚು. ಇದು ಅಗ್ಗದ ದಾರಿ ಅನ್ನಿಸುತ್ತದೆ, ಅಲ್ಲ. ಒಂದೇ ಭಾಗವನ್ನು ಒಂದರಿಂದ ಬಿಚ್ಚಬೇಕು, ಇನ್ನೊಂದಕ್ಕೆ ಹಾಕಬೇಕು, ಎರಡರ ಲಾಗ್ ಬುಕ್‌ನಲ್ಲೂ ಬರೆಯಬೇಕು, ಮುಂದೆ ಮತ್ತೆ ಹೊಸದು ತಂದು ಜೋಡಿಸಬೇಕು. ನಿಂತ ವಿಮಾನವೋ ದಿನೇ ದಿನೇ ಗುಜರಿಯಾಗುತ್ತದೆ. ಇನ್ನು ಮೇಲೆ ಅದರಿಂದ ಒಂದು ಸ್ಕ್ರೂ ಕೂಡ ಬಿಚ್ಚಬಾರದು, ಅದನ್ನು ಮತ್ತೆ ಹಾರಿಸೋಣ ಎಂದು ಆಡಳಿತದವರ ಮುಂದೆ ಲೆಕ್ಕ ಇಟ್ಟೆ. ಒಪ್ಪಿಸಲು ನಾಲ್ಕು ಮೀಟಿಂಗ್ ಆಯಿತು.

ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದಾರೆ, ಎಲ್ಲರೂ ಕಾಕಾ ಎನ್ನುತ್ತೇವೆ. ಅವರು ನನ್ನನ್ನು ಮರಾಠಿಯಲ್ಲಿ 'ತಾಯಿ' ಅಂತ ಕರೆಯುತ್ತಾರೆ. ಅವರ ಲೆಕ್ಕದಲ್ಲಿ ಅಕ್ಕ, ನಮ್ಮ ಕಿವಿಗೆ ಅಮ್ಮ! ಕಾಕಾ ಕೆಲಸ ಕಲಿತದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಪುಷ್ಪಕ್ ವಿಮಾನಗಳ ಮೇಲೆ. 1958ರಲ್ಲಿ ಮೊದಲ ಬಾರಿ ಹಾರಿದ ಆ ವಿಮಾನದ ರೆಕ್ಕೆಗೆ ಬಟ್ಟೆ ಹೊದಿಸಿ ಡೋಪ್ ಬಳಿಯುತ್ತಿದ್ದರು. "ಗುಜರಿಗೆ ಹಾಕೋದೇ ಒಳ್ಳೇದು ತಾಯಿ" ಎಂದವರೂ ಅವರೇ, ಮರುದಿನ ಬೆಳಿಗ್ಗೆ ಬಕೆಟ್ಟು ಬಟ್ಟೆ ಹಿಡಿದು ಅದರ ಪಕ್ಕ ನಿಂತವರೂ ಅವರೇ.

ಮೊದಲ ಎರಡು ವಾರ ನಾನು ಸ್ಪ್ಯಾನರ್ ಮುಟ್ಟಲಿಲ್ಲ. ಕಾಗದ ಓದಿದೆ. ವಿಮಾನಕ್ಕೊಂದು, ಎಂಜಿನ್ನಿಗೊಂದು, ಪ್ರೊಪೆಲ್ಲರ್‌ಗೊಂದು ಲಾಗ್ ಬುಕ್. ಕಾಗದವಿಲ್ಲದ ಬೋಲ್ಟು ನಮ್ಮಲ್ಲಿ ಬೋಲ್ಟೇ ಅಲ್ಲ. ಬಾಲದ ಕೆಳಗೆ ಒಂದು ತೇಪೆ ಇತ್ತು, ರಿವೆಟ್ ಸಾಲು ಅಚ್ಚುಕಟ್ಟಾಗಿಯೇ ಇತ್ತು. ಆದರೆ ಯಾವ ಪುಟದಲ್ಲೂ ಅದರ ಸುದ್ದಿ ಇಲ್ಲ. ಬಿಚ್ಚಿದೆವು. ಒಳಗಿನ ಚೌಕಟ್ಟು ಬಾಗಿತ್ತು. ಹಿಂದೆಂದೋ ಯಾರದೋ ಕೈಯಲ್ಲಿ ಬಾಲ ನೆಲಕ್ಕೆ ಬಡಿದಿದೆ, ಮೇಲೆ ತಗಡು ಹೊಡೆದು ಮುಚ್ಚಿದ್ದಾರೆ. ನನಗೆ ಇವತ್ತಿಗೂ ಸಿಟ್ಟು ಬರುವುದು ಬಾಲ ಬಡಿಸಿದವರ ಮೇಲಲ್ಲ, ಬರೆಯದೆ ಬಿಟ್ಟವರ ಮೇಲೆ.

ಎಂಜಿನ್ ಕಥೆ ಬೇರೆ. ತುಕ್ಕು ಹಿಡಿಯಬಾರದೆಂದು ಅದನ್ನು ಮೊದಲೆಲ್ಲ ಆಗಾಗ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದರಂತೆ. ಅದು ಉಪಕಾರಕ್ಕಿಂತ ಅಪಕಾರ. ಎಣ್ಣೆ ಸರಿಯಾಗಿ ಕಾಯುವುದಿಲ್ಲ, ಉರಿದ ಇಂಧನದಿಂದ ಹುಟ್ಟಿದ ನೀರಿನ ಆವಿ ಒಳಗೇ ಉಳಿಯುತ್ತದೆ. ಈ ಲೈಕಮಿಂಗ್ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿರುತ್ತದೆ. ನಿಂತಾಗ ಎಣ್ಣೆಯೆಲ್ಲ ಕೆಳಗಿಳಿದು ಮೊದಲು ಒಣಗುವುದು ಅದೇ. ಸಿಲಿಂಡರ್ ತೆಗೆದು ನೋಡಿದರೆ ಸಿಡುಬಿನ ಮುಖದಂತೆ ಗುಳಿ ಗುಳಿ. ಇಡೀ ಎಂಜಿನ್ ಓವರ್‌ಹಾಲ್‌ಗೆ ಹೋಯಿತು.

ಉಳಿದದ್ದು ನಿಧಾನದ ಕೆಲಸ. ಇಲಿ ಕಡಿದ ವೈರು ಬದಲಿಸಿದೆವು. ಇಲಿಯ ಮೂತ್ರ ಅಲ್ಯುಮಿನಿಯಂ ತಿನ್ನುತ್ತದೆ, ಅದನ್ನೂ ಉಜ್ಜಿ ತೆಗೆದೆವು. ಗಾಳಿಯ ವೇಗ ತಿಳಿಸುವ ಸಣ್ಣ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಕಂಟ್ರೋಲ್ ಕೇಬಲ್‌ಗಳ ಉದ್ದಕ್ಕೂ ಹತ್ತಿಬಟ್ಟೆ ಸವರುತ್ತಾ ಹೋಗಬೇಕು. ಒಂದೇ ಒಂದು ಎಳೆ ತುಂಡಾಗಿದ್ದರೂ ಬಟ್ಟೆಯ ನೂಲು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ್ದು ಹಳೆ ಸೀರೆ ಚೂರಿಗೆ ಕಾಣುತ್ತದೆ. ನಮ್ಮ ಹ್ಯಾಂಗರಿನಲ್ಲಿ ಆ ಸೀರೆ ನನ್ನದೇ.

ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ಪರೀಕ್ಷಾ ಹಾರಾಟದ ದಿನ ಪೈಲಟ್ ಒಬ್ಬರೇ ಹೋದರು, ಬೇಡದವರು ಕೂರುವಂತಿಲ್ಲ. ಸಹಿ ಹಾಕಿದವಳು ನಾನು, ಮೇಲೆ ಹೋದವರು ಅವರು. ನಲವತ್ತು ನಿಮಿಷ ಕಾಕಾ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಇಳಿದು ಬಂದು ಪೈಲಟ್ ಚೀಟಿ ಕೊಟ್ಟರು: "ಎಡ ರೆಕ್ಕೆ ಸ್ವಲ್ಪ ಭಾರ." ಅಷ್ಟೇ. ರೆಕ್ಕೆಯ ಹಿಂಬದಿಯ ಜೋಡಣೆಯಲ್ಲಿ ಕೂದಲೆಳೆಯಷ್ಟು ತಿರುಗಿಸಿ ಸರಿಮಾಡಿದೆವು. ಮರುವಾರದಿಂದ ಅದು ತರಬೇತಿಗೆ ಇಳಿಯಿತು.

ಈಗ ಆರೂ ಹಾರುತ್ತಿವೆ ಎಂದು ಹೇಳುವ ಆಸೆ ಇತ್ತು. ಆದರೆ 172ರಲ್ಲಿ ಒಂದರ ಎಂಜಿನ್ ಗಂಟೆ ಮುಗಿಸಿ ಮೊನ್ನೆ ಓವರ್‌ಹಾಲ್‌ಗೆ ಹೋಯಿತು. ಮತ್ತೆ ಐದು. ಮಕ್ಕಳಿಗೆ ಈ ಕೆಲಸ ಕಲಿಸಬೇಕೆನ್ನುವವರು ಚಹಾದ ಹೊತ್ತಿಗೆ ನನ್ನ ಹತ್ತಿರ ಬನ್ನಿ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಇದ್ದರೆ ಶುರು ಮಾಡಬಹುದು.