ಮನೆಮದ್ದಿನ ಡಬ್ಬಿಯಲ್ಲಿ ಜೇಷ್ಠಮಧು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಅಕ್ಕೂರಿನಲ್ಲಿ ಏರ್ಪಡಿಸಿದ್ದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಒಂದು ಸಹಕಾರ ಸಂಘ ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆದಿದೆ ಎಂದರೆ ಸಣ್ಣ ಮಾತಲ್ಲ. ಅದರ ಲೆಕ್ಕಪತ್ರ, ಲಾಭ ನಷ್ಟದ ವಿಚಾರವನ್ನು ನನಗಿಂತ ಮೊದಲು ಮಾತಾಡಿದವರು ವಿವರವಾಗಿ ತಿಳಿಸಿದ್ದಾರೆ. ನನಗೆ ಕೊಟ್ಟಿರುವುದು ಮನೆಮದ್ದಿನ ವಿಷಯ. ಮನೆಮದ್ದು ಅಂದರೆ ಸಮುದ್ರ. ಇರುವ ಅರ್ಧ ಗಂಟೆಯಲ್ಲಿ ಹತ್ತು ಗಿಡದ ಹೆಸರು ಹೇಳಿ ಹೋದರೆ ಊಟಕ್ಕೆ ಕೂರುವ ಹೊತ್ತಿಗೆ ಒಂದೂ ನೆನಪಿರುವುದಿಲ್ಲ. ಅದಕ್ಕೇ ಒಂದೇ ಒಂದು ಬೇರನ್ನು ಹಿಡಿದುಕೊಂಡು ಬಂದಿದ್ದೇನೆ. ಅದು ಜೇಷ್ಠಮಧು.

ಇದಕ್ಕೆ ಹೆಸರು ಹಲವು. ಸಂಸ್ಕೃತದಲ್ಲಿ ಯಷ್ಟಿಮಧು. ಯಷ್ಟಿ ಎಂದರೆ ಕೋಲು, ಸಿಹಿಯಾದ ಕೋಲು ಎಂದು ಅರ್ಥ. ಕೆಲವರು ಅತಿಮಧುರ ಅನ್ನುತ್ತಾರೆ, ಉತ್ತರದ ಕಡೆಯವರಿಗೆ ಇದು ಮುಲೇಠಿ. ಗ್ರಂಥಿಗೆ ಅಂಗಡಿಯಲ್ಲಿ ಯಾವ ಹೆಸರು ಹೇಳಿದರೂ ಕೊಡುತ್ತಾರೆ. ಹೊರಗೆ ಕಂದು ಬಣ್ಣದ ಸುಕ್ಕುಗಟ್ಟಿದ ಸಿಪ್ಪೆ, ಮುರಿದರೆ ಒಳಗೆ ಹಳದಿ, ನಾರು ನಾರು. ಅಗಿದರೆ ಸಿಹಿ. ಆ ಸಿಹಿ ಸಕ್ಕರೆಯ ಹಾಗೆ ಬಂದು ಹೋಗುವುದಿಲ್ಲ, ನಾಲಗೆಯ ಮೇಲೆ ಬಹಳ ಹೊತ್ತು ಕೂತಿರುತ್ತದೆ. ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ಇದಕ್ಕೆ ಕಾರಣ. ತೂಕಕ್ಕೆ ತೂಕ ನೋಡಿದರೆ ಸಕ್ಕರೆಗಿಂತ 30ರಿಂದ 50 ಪಟ್ಟು ಸಿಹಿ. ಈ ಗ್ಲಿಸಿರೈಜಿನ್ ಅನ್ನುವ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಮನೆಗಳಲ್ಲಿ ಇದರ ಬಳಕೆ ಎಲ್ಲರಿಗೂ ಗೊತ್ತಿರುವುದೇ. ಒಣ ಕೆಮ್ಮು ಬಂದು ರಾತ್ರಿ ನಿದ್ದೆ ಕೆಟ್ಟರೆ ಒಂದು ಚೂರು ಬಾಯಲ್ಲಿ ಇಟ್ಟುಕೊಂಡು ರಸ ನುಂಗುವುದು. ಹಾಡುವವರು, ಹರಿಕಥೆ ಮಾಡುವವರು, ನಾಟಕದಲ್ಲಿ ರಾತ್ರಿಯಿಡೀ ಕಂದಪದ್ಯ ಹೇಳುವವರು ದವಡೆಯಲ್ಲಿ ಒಂದು ತುಂಡು ಇಟ್ಟುಕೊಂಡಿರುತ್ತಾರೆ. ಬಾಯಿಹುಣ್ಣಿಗೆ ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ಹಚ್ಚುವುದು, ಗಂಟಲು ಕೆರೆತಕ್ಕೆ ಕಷಾಯ ಮಾಡಿ ಮುಕ್ಕಳಿಸುವುದು, ಎದೆ ಉರಿ, ಹೊಟ್ಟೆ ಉರಿಗೆ ಹಾಲಿನಲ್ಲಿ ಕೊಡುವುದು. ಇವುಗಳಲ್ಲಿ ಹೆಚ್ಚಿನವು ಸರಿಯಾದ ಬಳಕೆಗಳೇ.

ಹಳೆಯ ಗ್ರಂಥಗಳೂ ಇದನ್ನೇ ಹೇಳುತ್ತವೆ. ಚರಕ ಸಂಹಿತೆಯಲ್ಲಿ ಬುದ್ಧಿಗೆ ಬಲ ಕೊಡುವ ನಾಲ್ಕು ರಸಾಯನಗಳ ಮಾತು ಬರುತ್ತದೆ. ಅದರಲ್ಲಿ ಒಂದು ಯಷ್ಟಿಮಧುವಿನ ಪುಡಿ, ಅದನ್ನು ಹಾಲಿನ ಜೊತೆ ತೆಗೆದುಕೊಳ್ಳಬೇಕು. ಗಂಟಲಿಗೆ ಹಿತವಾದ ದ್ರವ್ಯಗಳ ಪಟ್ಟಿಯಲ್ಲೂ ಇದು ಇದೆ. ಸುಶ್ರುತರು ಇನ್ನೂ ಸೊಗಸಾದ ಒಂದು ಉಪಯೋಗ ಹೇಳಿದ್ದಾರೆ. ಶಸ್ತ್ರದಿಂದ ಕೊಯ್ದ ಜಾಗದಲ್ಲಿ ನೋವು ಕಾಣಿಸಿದರೆ ಜೇಷ್ಠಮಧು ಸೇರಿಸಿದ ತುಪ್ಪವನ್ನು ಉಗುರುಬೆಚ್ಚಗೆ ಮಾಡಿ ಹಾಕಬೇಕು ಎಂದು. ಸಿಹಿ, ತಂಪು, ಜಿಗುಟು, ಈ ಮೂರು ಗುಣವನ್ನು ನಮ್ಮ ಹಿಂದಿನವರು ಚೆನ್ನಾಗಿ ಗುರುತಿಸಿದ್ದರು.

ಕೂಸುಗಳಿಗೆ ತೇಯ್ದು ಹಾಕುವ ವಿಚಾರವನ್ನು ತಾಯಂದಿರು ಕೇಳಿಯೇ ಕೇಳುತ್ತಾರೆ. ಬಜೆ, ಜಾಯಿಕಾಯಿ, ಅಳಲೆಕಾಯಿ, ಮಾಚಿಕಾಯಿ, ಜೇಷ್ಠಮಧು, ಒಂದೊಂದನ್ನೂ ಕಲ್ಲಿನ ಮೇಲೆ ಎಣಿಸಿ ಎರಡು ಸುತ್ತು ಮೂರು ಸುತ್ತು ತೇಯ್ದು ತಾಯಿಯ ಹಾಲಿನಲ್ಲಿ ನೆಕ್ಕಿಸುವುದು ನಮ್ಮ ಕಡೆ ಹಿಂದಿನಿಂದ ಬಂದ ಪದ್ಧತಿ. ಸುತ್ತು ಎಣಿಸುತ್ತಿದ್ದರಲ್ಲ, ಅದರಲ್ಲೇ ಒಂದು ವಿವೇಕ ಇತ್ತು, ಅಳತೆ ಮೀರಬಾರದು ಅಂತ. ಆದರೆ ಈಗ ಮಕ್ಕಳ ಡಾಕ್ಟರುಗಳು ಆರು ತಿಂಗಳ ತನಕ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ ಅನ್ನುತ್ತಾರೆ. ನನ್ನ ಅಭಿಪ್ರಾಯವೂ ಅದೇ. ತೇಯುವ ಕಲ್ಲು, ಕೈ, ನೀರು, ಇವುಗಳಲ್ಲಿ ಯಾವುದು ಸ್ವಚ್ಛ ಇಲ್ಲದಿದ್ದರೂ ಹಸುಗೂಸಿಗೆ ಭೇದಿ ಹಿಡಿಯುತ್ತದೆ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವ ತನಕ ಕೊಡಲೇಬಾರದು. ಅಜ್ಜಿಯರು ಬೇಸರ ಮಾಡಿಕೊಳ್ಳಬೇಡಿ. ನೀವು ಮೊಮ್ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವುದನ್ನು ಯಾರೂ ಬೇಡ ಅಂದಿಲ್ಲ.

ಇನ್ನು ಈ ಬೇರು ಎಲ್ಲಿಂದ ಬರುತ್ತದೆ? ನಮ್ಮ ಮಾಗಡಿಯ ಸಾವನದುರ್ಗದಲ್ಲಿ ಬೇಕಾದಷ್ಟು ಔಷಧಿ ಗಿಡಗಳಿವೆ. ಜೇಷ್ಠಮಧು ಮಾತ್ರ ಅಲ್ಲಿಯದಲ್ಲ. ಅದು ದಕ್ಷಿಣ ಯೂರೋಪಿನಿಂದ ಹಿಡಿದು ಇರಾನ್, ಆಫ್ಘಾನಿಸ್ತಾನ, ಮಧ್ಯ ಏಷ್ಯಾದ ತನಕ ಬೆಳೆಯುವ ಗಿಡ. ನಾವು ಅಂಗಡಿಯಲ್ಲಿ ಕೊಳ್ಳುವುದರಲ್ಲಿ ಬಹುಪಾಲು ಹೊರದೇಶದ ಸರಕು. ನೆಟ್ಟ ಮೇಲೆ ಮೂರು ನಾಲ್ಕು ವರ್ಷ ಕಾದು ಬೇರು ಅಗೆಯಬೇಕು. ಕೆಮ್ಮಿಗೆ ಮದ್ದಾದ ಈ ಬೇರನ್ನು ಅತಿ ಹೆಚ್ಚು ಕೊಳ್ಳುತ್ತಾ ಬಂದವರಲ್ಲಿ ಸಿಗರೇಟು, ತಂಬಾಕು ಕಂಪನಿಯವರೂ ಇದ್ದಾರೆ, ಹೊಗೆಯ ಘಾಟು ಕಡಿಮೆ ಮಾಡಲು. ಹೇಗಿದೆ ನೋಡಿ ಲೋಕ!

ದೂರದಿಂದ ಬರುವ ಸರಕಿಗೆ ಹತ್ತಿರದ ಬದಲಿ ಹುಡುಕುವುದು ಮನುಷ್ಯರ ಸ್ವಭಾವ. ಇಲ್ಲಿ ಒಂದು ಅಪಾಯ ಇದೆ. ನಮ್ಮ ಬೇಲಿಗಳ ಮೇಲೆ ಹಬ್ಬುವ ಗುಲಗಂಜಿ ಬಳ್ಳಿ ನಿಮಗೆಲ್ಲ ಗೊತ್ತು. ಕೆಂಪು ಕಾಳು, ಮೂತಿಗೆ ಕಪ್ಪು. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಕಾಳು. ಅದರ ಎಲೆ ಅಗಿದರೆ ಸಿಹಿ, ಬೇರಿನಲ್ಲೂ ಸ್ವಲ್ಪ ಸಿಹಿ. ಆದ್ದರಿಂದ ಅದನ್ನು ಜೇಷ್ಠಮಧುವಿನ ಬದಲಿಗೆ ಬಳಸುವ ರೂಢಿ ಇತ್ತು. ಬ್ರಿಟಿಷರ ಕಾಲದಲ್ಲೂ ಬಳಸಿದರು, ಇಂಗ್ಲಿಷಿನಲ್ಲಿ ಇಂಡಿಯನ್ ಲಿಕೊರಿಸ್ ಎಂದೇ ಹೆಸರಿಟ್ಟರು. ಆದರೆ ಅದರ ಕಾಳಿನಲ್ಲಿ ಅಬ್ರಿನ್ ಎಂಬ ಘೋರ ವಿಷ ಇದೆ. ಇಡೀ ಕಾಳು ನುಂಗಿದರೆ ಸಿಪ್ಪೆ ಗಟ್ಟಿ ಇರುವುದರಿಂದ ಎಷ್ಟೋ ಸಲ ಹಾಗೇ ಹೊರಗೆ ಹೋಗಿಬಿಡುತ್ತದೆ. ಅಗಿದರೆ, ಅರೆದರೆ, ಪುಡಿ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಆಯುರ್ವೇದವೂ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿ, ಶೋಧನೆ ಮಾಡದೆ ಮುಟ್ಟಬಾರದು ಎಂದಿದೆ. ದನ ಸಾಕಿದವರು ಇನ್ನೊಂದು ಮಾತು ಕೇಳಬೇಕು. ಹಿಂದೆ ಚರ್ಮದ ಆಸೆಗೆ ದನಗಳನ್ನು ಕೊಲ್ಲುವ ದುಷ್ಟರು ಈ ಕಾಳನ್ನು ಅರೆದು ಸೂಜಿಯ ಆಕಾರಕ್ಕೆ ಒಣಗಿಸಿ ದನದ ಮೈಗೆ ಚುಚ್ಚುತ್ತಿದ್ದರು. ಅಂಥ ಬಳ್ಳಿ ಅದು. ಸಿಹಿ ಇದೆ ಅಂತ ಬೇಲಿಯಿಂದ ಕಿತ್ತು ಕಷಾಯಕ್ಕೆ ಹಾಕುವ ಕೆಲಸ ಬೇಡವೇ ಬೇಡ. ಮಕ್ಕಳು ಅದರ ಸರ ಮಾಡಿ ಕೊರಳಿಗೆ ಹಾಕಿಕೊಂಡು ಬಾಯಲ್ಲಿ ಕಚ್ಚುವುದನ್ನೂ ತಪ್ಪಿಸಿ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ನಿಜವಾದ ಜೇಷ್ಠಮಧುವೇ ಆದರೂ ಎಲ್ಲರಿಗೂ, ಎಲ್ಲ ಕಾಲಕ್ಕೂ ಆಗುವ ಪದಾರ್ಥವಲ್ಲ. 'ಬೇರು ತಾನೆ, ಏನೂ ಮಾಡಲ್ಲ ಬಿಡಿ ಸ್ವಾಮಿ' ಅನ್ನುವವರೇ ಹೆಚ್ಚು. ಏನೂ ಮಾಡದ ಬೇರಾಗಿದ್ದರೆ ಕೆಮ್ಮನ್ನೂ ವಾಸಿ ಮಾಡುತ್ತಿರಲಿಲ್ಲವಲ್ಲ?

1946ರಲ್ಲಿ ಹಾಲೆಂಡ್ ದೇಶದಲ್ಲಿ ರೆವರ್ಸ್ ಎಂಬ ವೈದ್ಯರು ಜಠರದ ಹುಣ್ಣಿನ ರೋಗಿಗಳಿಗೆ ಈ ಬೇರಿನ ಸಾರ ಕೊಟ್ಟು ನೋಡಿದರು. ಹುಣ್ಣು ಗುಣ ಆಗುತ್ತಿತ್ತು. ಜೊತೆಗೆ ಕೆಲವರ ಮುಖ, ಕಾಲು ಊದಿಕೊಳ್ಳಲು ಶುರುವಾಯಿತು. ಆಮೇಲಿನವರು ಕಾರಣ ಹುಡುಕಿದರು. ನಾನು ಆಗಲೇ ಹೇಳಿದ ಗ್ಲಿಸಿರೈಜಿನ್ ಇದೆಯಲ್ಲ, ಅದು ಮೂತ್ರಪಿಂಡಕ್ಕೆ ತಪ್ಪು ಸಂದೇಶ ಹೋಗುವ ಹಾಗೆ ಮಾಡುತ್ತದೆ. ಹೊರಗೆ ಹಾಕಬೇಕಾದ ಉಪ್ಪು, ನೀರನ್ನು ಮೂತ್ರಪಿಂಡ ಒಳಗೇ ಹಿಡಿದುಕೊಳ್ಳುತ್ತದೆ, ಉಳಿಸಿಕೊಳ್ಳಬೇಕಾದ ಪೊಟ್ಯಾಸಿಯಂ ಎಂಬ ಲವಣವನ್ನು ಹೊರಗೆ ಬಿಡುತ್ತದೆ. ಪರಿಣಾಮ ಏನು? ರಕ್ತದೊತ್ತಡ ಏರುತ್ತದೆ, ಪಾದ ಊದುತ್ತದೆ, ತೊಡೆ ತೋಳುಗಳಲ್ಲಿ ಬಲ ಇರುವುದಿಲ್ಲ, ಎದೆ ಬಡಿತ ಲಯ ತಪ್ಪುತ್ತದೆ. ಬೇರು ತಿನ್ನುವುದನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಎಲ್ಲ ಸರಿಹೋಗುತ್ತದೆ, ಕೆಲವು ವಾರ ಹಿಡಿಯುತ್ತದೆ. ಆದರೆ ಕಾರಣ ಬೇರು ಎಂದು ಯಾರಿಗಾದರೂ ಹೊಳೆಯಬೇಕಲ್ಲ!

ಹೀಗೊಬ್ಬರು ಇದ್ದಾರೆ ಎಂದು ಇಟ್ಟುಕೊಳ್ಳಿ. ಅರವತ್ತು ದಾಟಿದ ಹಿರಿಯರು, ಬಿ.ಪಿ.ಗೆ ದಿನಾ ಮಾತ್ರೆ ನುಂಗುತ್ತಾರೆ, ಜೊತೆಗೆ ನೀರು ಇಳಿಸುವ ಮಾತ್ರೆಯೂ ಇದೆ. ಗಂಟಲು ಕೆರೆತಕ್ಕೆ ಅಂತ ಶುರು ಮಾಡಿದ ಕಷಾಯ ಬಾಯಿಗೆ ರುಚಿ ಹತ್ತಿ ಎರಡು ತಿಂಗಳಿಂದ ಬೆಳಿಗ್ಗೆ ಸಂಜೆ ಕುಡಿಯುತ್ತಿದ್ದಾರೆ. ಬಿ.ಪಿ. ಇಳಿಯುತ್ತಿಲ್ಲ. ಡಾಕ್ಟರು ಮಾತ್ರೆ ಜಾಸ್ತಿ ಮಾಡುತ್ತಾರೆ. ನೀರಿನ ಮಾತ್ರೆಯಲ್ಲಿ ಸಾಮಾನ್ಯವಾದವೂ ಪೊಟ್ಯಾಸಿಯಂ ಇಳಿಸುತ್ತವೆ, ಬೇರೂ ಅದನ್ನೇ ಮಾಡುತ್ತದೆ. ಎರಡೂ ಸೇರಿ ಹೃದಯಕ್ಕೆ ಹೊಡೆತ. ಆ ಹಿರಿಯರು ಕಷಾಯದ ಮಾತು ಡಾಕ್ಟರ ಮುಂದೆ ಎತ್ತುವುದೇ ಇಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ. ಬಿ.ಪಿ., ಹೃದಯ, ಕಿಡ್ನಿ ಅಥವಾ ಲಿವರಿನ ತೊಂದರೆ ಇರುವವರು, ಡಿಗಾಕ್ಸಿನ್ ಮಾತ್ರೆ ನುಂಗುವವರು, ಬಸುರಿಯರು, ಇವರೆಲ್ಲ ಇದನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು. ಈ ಸಭೆಯಲ್ಲಿ ಬಿ.ಪಿ. ಮಾತ್ರೆ ನುಂಗುವವರು ಕೈ ಎತ್ತಿ ಅಂದರೆ ಎಷ್ಟು ಕೈ ಮೇಲೇಳುತ್ತವೋ ನೀವೇ ಅಕ್ಕಪಕ್ಕ ನೋಡಿಕೊಳ್ಳಿ.

2020ರ ಕೊರೋನಾ ಕಾಲದಲ್ಲಿ ಈ ಬೇರಿಗೆ ಎಲ್ಲಿಲ್ಲದ ಮರ್ಯಾದೆ ಬಂತು. ಆ ವರ್ಷ ಮೇ ತಿಂಗಳಲ್ಲಿ ಕೇಂದ್ರದ ಆಯುಷ್ ಮಂತ್ರಾಲಯದವರು ಅಶ್ವಗಂಧ, ಅಮೃತಬಳ್ಳಿಯ ಜೊತೆ ಯಷ್ಟಿಮಧುವನ್ನೂ ಪರೀಕ್ಷೆಗೆ ಒಡ್ಡುತ್ತೇವೆ ಎಂದು ಪ್ರಕಟಿಸಿದರು. ಪರೀಕ್ಷೆ ಮಾಡುತ್ತೇವೆ ಎಂದರೆ ವಾಸಿ ಮಾಡುತ್ತದೆ ಎಂದು ಅರ್ಥವಲ್ಲ. ಜನ ಹಾಗೇ ಅರ್ಥ ಮಾಡಿಕೊಂಡರು. ಆಗ ಹಿಡಿದ ಕಷಾಯದ ಅಭ್ಯಾಸ ಕೆಲವು ಮನೆಗಳಲ್ಲಿ ಇನ್ನೂ ಬಿಟ್ಟಿಲ್ಲ.

ಹಾಗಾದರೆ ಎಷ್ಟು ಬಳಸಬೇಕು? ನಮ್ಮ ದೇಶದ ಆಯುರ್ವೇದ ಫಾರ್ಮಕೋಪಿಯಾ ಪುಡಿಯ ಪ್ರಮಾಣವನ್ನು 2ರಿಂದ 4 ಗ್ರಾಂ ಎಂದು ಹೇಳಿದೆ. ಯೂರೋಪಿನವರು ಇನ್ನೂ ಬಿಗಿ, ದಿನಕ್ಕೆ ಗ್ಲಿಸಿರೈಜಿನ್ 100 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ಎರಡು ಮೂರು ಗ್ರಾಂ ಬೇರಿನಲ್ಲೇ ಅಷ್ಟು ಬಂದುಬಿಡಬಹುದು. ಆದ್ದರಿಂದ ನಾನು ಹೇಳುವುದು, ಆರೋಗ್ಯವಾಗಿರುವ ದೊಡ್ಡವರು ಚಿಕ್ಕ ಚಮಚದಲ್ಲಿ ಒಂದು ಚಮಚ ಪುಡಿಯನ್ನು ಹಾಲಿನಲ್ಲೋ ಜೇನಿನಲ್ಲೋ ತೆಗೆದುಕೊಳ್ಳಿ, ಇಲ್ಲವೆ ಕಿರುಬೆರಳಿನ ಎರಡು ಗೆಣ್ಣಿನಷ್ಟು ತುಂಡನ್ನು ಜಜ್ಜಿ ಎರಡು ಲೋಟ ನೀರು ಒಂದು ಲೋಟ ಆಗುವ ತನಕ ಕುದಿಸಿ ಕುಡಿಯಿರಿ. ಕೆಮ್ಮು ಇರುವ ನಾಲ್ಕು ದಿನ, ಹೆಚ್ಚೆಂದರೆ ಒಂದು ವಾರ. ಒಂದು ವಾರದಲ್ಲಿ ಹೋಗದ ಕೆಮ್ಮನ್ನು ಡಾಕ್ಟರಿಗೇ ತೋರಿಸಬೇಕು. ಎರಡು ವಾರ ದಾಟಿದರೆ ಕಫದ ಪರೀಕ್ಷೆ ಮಾಡಿಸಲೇಬೇಕು, ಕ್ಷಯ ಇನ್ನೂ ನಮ್ಮನ್ನು ಬಿಟ್ಟು ಹೋಗಿಲ್ಲ. ಮುಕ್ಕಳಿಸಿ ಉಗಿಯುವುದಕ್ಕೆ, ಬಾಯಿಹುಣ್ಣಿಗೆ ಹಚ್ಚುವುದಕ್ಕೆ ಇಷ್ಟು ಭಯ ಬೇಕಿಲ್ಲ.

ಕೊಳ್ಳುವಾಗ ಪುಡಿ ಕೊಳ್ಳಬೇಡಿ, ಕಡ್ಡಿಯನ್ನೇ ಕೊಳ್ಳಿ. ಪುಡಿಯಲ್ಲಿ ಏನು ಬೆರೆತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಒಳಗೆ ಹಳದಿ ಇಲ್ಲದೆ ಕಪ್ಪಾಗಿದ್ದರೆ, ಹುಳು ಕೊರೆದು ತೂತು ಬಿದ್ದಿದ್ದರೆ ವಾಪಸ್ಸು ಕೊಡಿ. ಸಿದ್ಧ ಕಷಾಯದ ಪುಡಿ, ಕೆಮ್ಮಿನ ಸಿರಪ್ಪುಗಳಲ್ಲೂ ಇದು ಇರುತ್ತದೆ, ಚೀಟಿ ಓದಿ.

ಒಬ್ಬ ಯುವಕ ಮಿತ್ರರು ಇಲ್ಲಿಗೆ ಬರುವಾಗ ಕೇಳಿದರು, 'ತೆಂಗಿನ ತೋಟದಲ್ಲಿ ಮಿಶ್ರ ಬೆಳೆಯಾಗಿ ಇದನ್ನು ಹಾಕಬಹುದಾ ಸಾರ್, ಒಳ್ಳೆ ರೇಟು ಇದೆಯಂತೆ' ಎಂದು. ಇದು ಬಿಸಿಲು ಬೇಡುವ ಗಿಡ, ತೆಂಗಿನ ನೆರಳು ಆಗಿಬರುವುದಿಲ್ಲ. ಬಯಲಲ್ಲಿ ಹಾಕಿದರೂ ಮೂರು ವರ್ಷ ಕಾಯಬೇಕು, ನಡುವೆ ಕಾಸು ಹುಟ್ಟುವುದಿಲ್ಲ. ಔಷಧಿ ಗಿಡದ ಸಸಿ ಮಾರುವವರು ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಅನ್ನುತ್ತಾರೆ. ಕೊಳ್ಳುವವರು ಯಾರು, ಯಾವ ದರಕ್ಕೆ, ಎಷ್ಟು ಎನ್ನುವುದು ಛಾಪಾ ಕಾಗದದ ಮೇಲೆ ಬರುವ ತನಕ ಸಸಿಗೆ ಮುಂಗಡ ಕೊಡಬೇಡಿ. ಆ ಕಾಗದವನ್ನು ಒಬ್ಬರೇ ಓದುವ ಬದಲು ಸಂಘದ ಕಚೇರಿಗೆ ತಂದು ಹತ್ತು ಜನ ಕೂತು ಓದಿ.

ಊಟದ ನಂತರ ನಾನು ಮೂರು ಗಂಟೆಯ ತನಕ ಇಲ್ಲೇ ಇರುತ್ತೇನೆ. ಮನೆಯಲ್ಲಿರುವ ಕಷಾಯದ ಪೊಟ್ಟಣವನ್ನೂ, ದಿನಾ ನುಂಗುವ ಮಾತ್ರೆಯ ಚೀಟಿಯನ್ನೂ ಒಟ್ಟಿಗೆ ತಂದರೆ ನೋಡಿ ಹೇಳುತ್ತೇನೆ.